ಕೋತಿರಾಯನ ಕೊಂಬೆಗೆ ಗೀಜಗನ ಗೂಡು

ಗೂಡು ನೇಯುವುದರಲ್ಲಿ ಗೀಜಗನದು ಎತ್ತಿದ ಕೈ. ಆದರೆ ಅವನ ಜಾಲಿಮರದ ಕಡೆಗೆ ಕೊಳ್ಳುವವರು ಸುಳಿಯುತ್ತಿರಲಿಲ್ಲ. ಹಾಗಾಗಿ ಗೂಡುಗಳನ್ನೆಲ್ಲ ಹೆದ್ದಾರಿ ಬದಿಯ ಆಲದಮರದಲ್ಲಿ ಅಂಗಡಿ ಇಟ್ಟಿದ್ದ ಕೋತಿರಾಯನಿಗೆ ಮಾರಿಕೊಡಲು ಒಪ್ಪಿಸಿದ. ಎಲ್ಲವೂ ಖರ್ಚಾದವು. ಗೀಜಗ ಕಂಡಕಂಡವರ ಮುಂದೆ ಜಂಬ ಕೊಚ್ಚಿ, ಹೆಂಡತಿಯನ್ನೂ ಕರೆದುಕೊಂಡು ಗೂಡುಗಳ ಬೆಲೆಯಾಗಿ ಬಂದ ಕಾಳು ತರಲು ಹೋದ.

ಕೋತಿರಾಯ ಕಾಳಿನ ರಾಶಿಯನ್ನು ಮುಂದಿಟ್ಟು ತನ್ನ ಕಡೆಗೆ ಎಳೆದುಕೊಳ್ಳತೊಡಗಿದ. "ಇದು ಕೊಂಬೆಯ ಬಾಡಿಗೆ. ಇದು ಮಾರಿಕೊಟ್ಟ ಕಮಿಷನ್. ಇದು ಹೊತ್ತ ಕೂಲಿ. ಗುಬ್ಬಿ ವಾಪಸ್ ಮಾಡಿದ ಗೂಡಿಗೆ ಹೋಗುವ ಕೂಲಿ, ಬರುವ ಕೂಲಿ ಎರಡೂ ನಿನ್ನದೇ."

ಕೊನೆಗೆ ನೆಲದಲ್ಲಿ ಉಳಿದದ್ದು ಹೊಟ್ಟು.

"ಇದನ್ನೆಲ್ಲ ಮೊದಲೇ ಹೇಳಬಾರದಿತ್ತೇ?" ಎಂದ ಗೀಜಗ.

"ಮೊದಲ ದಿನವೇ ಹೇಳಿದೆನಲ್ಲ! ನಿನ್ನ ಗೂಡು ಎಲ್ಲರದಕ್ಕಿಂತ ಮೇಲೆ ತೂಗಬೇಕು ಅಂದೆ ನೀನು. ಮೇಲಿನ ಕೊಂಬೆಗೆ ಬಾಡಿಗೆ ಜಾಸ್ತಿ ಅಂದೆ ನಾನು. ಅದಕ್ಕೂ ಹೂಂ ಅಂದವನು ನೀನೇ."

ಹೆಂಡತಿಯ ಎದುರು ಗೀಜಗನಿಗೆ ತಲೆ ಎತ್ತಲಾಗಲಿಲ್ಲ. ದಾರಿಯಲ್ಲಿ ಅವಳೇ ಕೇಳಿದಳು: "ನಿಮ್ಮನ್ನು ಒಪ್ಪುವ ಮುಂಚೆ ನಿಮ್ಮ ಗೂಡಿನ ಒಂದೊಂದು ನಾರನ್ನೂ ಎಳೆದು ನೋಡಿದೆ. ಅದು ನಮ್ಮ ಕುಲದ ಪದ್ಧತಿ. ಆ ಕೋತಿಯ ಮಾತನ್ನು ನೀವೇಕೆ ಎಳೆದು ನೋಡಲಿಲ್ಲ?"

"ಕೇಳಿದರೆ ಸಣ್ಣವನಾಗಿಬಿಡುತ್ತೇನೆ ಅನ್ನಿಸಿತು ಕಣೇ," ಎಂದ ಗೀಜಗ, ತಗ್ಗಿದ ದನಿಯಲ್ಲಿ.

ಅಷ್ಟರಲ್ಲಿ ಜಾಲಿಮರ ಬಂತು. ಅವನ ಜಂಬ ಕೇಳಿದ್ದ ನೆರೆಹೊರೆಯ ಹಕ್ಕಿಗಳೆಲ್ಲ ಕಾಳಿನ ಮೂಟೆ ನೋಡಲು ಕೊಂಬೆ ತುಂಬ ಕೂತಿದ್ದವು.