ಅಂತರಪಟದಾಚೆಯ ಊರು

ಹೊಳೆ ಅರಮನೆಗೆ ನುಗ್ಗಿದ್ದೇನೋ ಸರಿ, ಮಳೆಗಾಲದಲ್ಲಿ ಹೊಳೆ ಇನ್ನೇನು ಮಾಡೀತು? ಆದರೆ ಅದು ಮಧ್ಯಾಹ್ನದ ನಿದ್ದೆಯಲ್ಲಿದ್ದ ದುಗ್ಗನಾಯಕನನ್ನು ಮಂಚದ ಸಮೇತ ತೇಲಿಸಿಕೊಂಡು ಹೋಗಿ ಅಡುಗೆಮನೆಯ ಒಲೆಗೆ ಒರಗಿಸಿ ಬಿಟ್ಟಿತ್ತು. ಬಾಣಸಿಗರು ನಗು ತಡೆದುಕೊಂಡದ್ದನ್ನು ನಾಯಕ ಕಣ್ಣಾರೆ ಕಂಡ. ಪಾಳೆಯಗಾರನಾದವನಿಗೆ ಇದಕ್ಕಿಂತ ಅವಮಾನ ಬೇಕೆ?

ನೀರಿಳಿದದ್ದೇ ತಡ, ಒದ್ದೆ ಪೇಟದಲ್ಲೇ ಸಭೆ ಕರೆದ. ಈ ಹಾಳೂರು ತನಗೆ ಬೇಡ ಎಂದ. ನೀರು ನುಗ್ಗದ, ಸಿಡಿಲು ಬಡಿಯದ, ಬೆಂಕಿ ಹಬ್ಬದ ಊರೊಂದನ್ನು ಹುಡುಕಬೇಕು, ದೀಪಾವಳಿಯೊಳಗೆ ಪ್ರಜೆಗಳೆಲ್ಲ ಗಂಟುಮೂಟೆ ಕಟ್ಟಿ ಅಲ್ಲಿಗೆ ನಡೆಯಬೇಕು, ಬರಲಾರೆ ಎಂದವರ ಮನೆಯನ್ನು ಆನೆಯಿಂದ ಕೆಡವಿಸುತ್ತೇನೆ ಎಂದ. ಹುಡುಕುವವರು ಯಾರೆಂದು ಸುತ್ತ ನೋಡಿದಾಗ ಎಲ್ಲರೂ ನೆಲ ನೋಡುತ್ತಿದ್ದರು. ಆಸ್ಥಾನದ ಮಾತುಗಾರ ಕೇತಪ್ಪ ಮಾತ್ರ ಆಕಳಿಸುತ್ತಿದ್ದ, ಸಿಕ್ಕಿಬಿದ್ದ. ಊರು ಸಿಗದಿದ್ದರೆ ನೀನೊಬ್ಬನೇ ಮೊದಲು ಊರು ಬಿಡು ಎಂದು ಅಪ್ಪಣೆಯಾಯಿತು.

ಕೇತಪ್ಪ ತಲೆ ಕೆರೆದುಕೊಳ್ಳುತ್ತ ಊರಿನ ದಿಬ್ಬ ಹತ್ತಿ ಮೇಲುಕೇರಿಗೆ ಹೋದ. ಅಲ್ಲಿ ಅವನ ಅತ್ತೆ ಕೆಂಚವ್ವ ಇದ್ದಳು. ನಾಯಕನಿಗೆ ಹೆದರದ ಕೇತಪ್ಪ ಈ ಅತ್ತೆಗೆ ಹೆದರುತ್ತಿದ್ದ. ಸುದ್ದಿ ಆಗಲೇ ಕೇರಿ ಮುಟ್ಟಿತ್ತು. ಒಬ್ಬಳು ಬಾಣಂತಿ ಅಳುತ್ತ ಪಾತ್ರೆ ಕಟ್ಟುತ್ತಿದ್ದಳು, ಅದನ್ನು ನೋಡಿ ಅವನಿಗೆ ನಿಜವಾಗಿಯೂ ಸಂಕಟವಾಯಿತು.

"ನನ್ನ ಸಿಹಿನೀರಿನ ಬಾವೀನ ಹೊತ್ಕೊಂಡು ಬರ್ತೀಯೇನಪ್ಪಾ ಅಳಿಯಾ?" ಎಂದು ಕೇಳಿದಳು ಕೆಂಚವ್ವ. "ಹಂಗಾದ್ರೆ ನಾಳೇನೇ ಹೊರಡ್ತೀನಿ."

ಅವಳು ಕೊಟ್ಟ ಮಜ್ಜಿಗೆ ಕುಡಿಯುತ್ತ ಕೇತಪ್ಪ ಜಗಲಿಯಿಂದ ಕೆಳಗೆ ನೋಡಿದ. ನೋಡುತ್ತ ನೋಡುತ್ತ ಅವನಿಗೆ ನಗು ಬಂತು. ಮಜ್ಜಿಗೆ ನೆತ್ತಿಗೇರಿತು.

ಮರುದಿನ ಆಸ್ಥಾನಕ್ಕೆ ಹೋಗಿ ಊರು ಸಿಕ್ಕಿತೆಂದು ಕೈಮುಗಿದ. ಆದರೆ ಊರನ್ನು ಕಟ್ಟಿಕೊಳ್ಳುವುದೆಂದರೆ ಹೆಣ್ಣನ್ನು ಕಟ್ಟಿಕೊಂಡ ಹಾಗೆ, ಮುಹೂರ್ತದವರೆಗೆ ನಡುವೆ ಅಂತರಪಟ ಇರಲೇಬೇಕು ಎಂದ. ಪಲ್ಲಕ್ಕಿಗೆ ಸುತ್ತ ಬಟ್ಟೆ ಕಟ್ಟಿಸುತ್ತೇನೆ, ಪಟದ ಹಿಂದಿನಿಂದಲೇ ಏನು ಕೇಳಬೇಕೋ ಕೇಳಿಕೊಳ್ಳಿ, ಒಪ್ಪಿಗೆ ಎಂದ ಮೇಲೆ ಪಟ ಸರಿಸೋಣ, ಆಮೇಲೆ ಒಲ್ಲೆ ಎನ್ನುವ ಹಾಗಿಲ್ಲ ಎಂದೂ ಸೇರಿಸಿದ. ಮೂರು ಮದುವೆಯಾಗಿದ್ದ ನಾಯಕನಿಗೆ ಈ ಶಾಸ್ತ್ರ ಚೆನ್ನಾಗಿ ಗೊತ್ತಿತ್ತು. ಮೀಸೆ ಮುಟ್ಟಿ ಮಾತು ಕೊಟ್ಟ.

ಬೋಯಿಗಳು ಪಲ್ಲಕ್ಕಿ ಹೊತ್ತು ಬೆಳಗಿನಿಂದ ದಿಬ್ಬವನ್ನೇ ಸುತ್ತಿದರು. ಒಳಗೆ ನಾಯಕ ತೂಕಡಿಸಿದ, ಎದ್ದ, ಚಕ್ಕುಲಿ ತಿಂದ, ಇನ್ನೆಷ್ಟು ದೂರವೆಂದು ಗೊಣಗಿದ. ದೂರವಿದ್ದಷ್ಟೂ ಕ್ಷೇಮ ಎಂದು ಕೇತಪ್ಪ ಸಮಾಧಾನ ಹೇಳಿದ. ಹೊತ್ತು ಇಳಿಯುವಾಗ ಪಲ್ಲಕ್ಕಿಯನ್ನು ಕೆಂಚವ್ವನ ಜಗಲಿಯ ಮುಂದೆ ಇಳಿಸಿದರು. ನಾಯಕ ಹುಟ್ಟಿದಾಗಿನಿಂದ ಒಮ್ಮೆಯೂ ಆ ದಿಬ್ಬ ಹತ್ತಿದವನಲ್ಲ. ಅವನ ಓಡಾಟವೆಲ್ಲ ಹೊಳೆದಂಡೆಯ ದಾರಿಯಲ್ಲಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕೆಂದು ಕೇತಪ್ಪ ಅತ್ತೆಗೆ ಮೊದಲೇ ಕೈಮುಗಿದು ಬೇಡಿಕೊಂಡಿದ್ದ.

ಪಟದ ಹಿಂದಿನಿಂದ ನಾಯಕ ಮೊದಲು ಸಿಡಿಲಿನ ಮಾತು ತೆಗೆದ. ಬೀಳುತ್ತದೆ, ಆದರೆ ಆಚೆ ಒಂಟಿ ತಾಳೆಮರಕ್ಕೆ ಬೀಳುತ್ತದೆ, ಅದರ ಹತ್ತಿರ ಯಾರೂ ಮನೆ ಕಟ್ಟಿಲ್ಲ, ಮೋಡ ಕಟ್ಟಿದರೆ ದನವನ್ನೂ ಅತ್ತ ಬಿಡುವುದಿಲ್ಲ ಎಂದಳು ಕೆಂಚವ್ವ. ಬೆಂಕಿಯೋ? ಕುಂಬಾರರು ಮಡಕೆ ಸುಡುವ ಆವಿಗೆ ಊರಾಚೆ ಇದೆ, ಅದರ ಕಿಡಿ ಊರ ಕಡೆ ಹಾರುವ ಗಾಳಿಯಿದ್ದ ದಿನ ಅದಕ್ಕೆ ಬೆಂಕಿ ಹಾಕುವುದಿಲ್ಲ.

ನಾಯಕನಿಗೆ ಬಲು ಹಿಡಿಸಿತು. ಈ ಊರವರಿಗೆ ತಲೆಯಲ್ಲಿ ಮಿದುಳಿದೆ ಎಂದ. ಕೊನೆಗೆ ದನಿ ತಗ್ಗಿಸಿ ಹೊಳೆಯ ಮಾತು ತೆಗೆದ.

"ಹೊಳೆ ಐತೆ ಬುದ್ಧೀ," ಎಂದಳು ಕೆಂಚವ್ವ. "ಏರ್ತೈತೆ ಕೂಡ. ಆದ್ರೆ ದಿಬ್ಬದ ಬುಡದಾಗೆ ಒಂದು ಕಲ್ಲು ನೆಟ್ಟವ್ರೆ ಹಿಂದಿನೋರು, ನೀರು ಬಂದ್ರೆ ಇಲ್ಲೀಗಂಟ ಅಂತ. ಹೊಸ ನೀರು ಬಂದಾಗ ಹೆಂಗಸರೆಲ್ಲ ಅದಕ್ಕೆ ಅರಿಶಿನ ಹಚ್ಚಿ ಬರ್ತೀವಿ. ಕಲ್ಲಿನ ಕೆಳಗೆ ಯಾರೂ ಮನೆ ಕಟ್ಟಲ್ಲ."

"ಯಾರೂ ಕಟ್ಟಿಲ್ಲವೇ?"

ಕೇತಪ್ಪ ಕಣ್ಣು ಮುಚ್ಚಿಕೊಂಡ.

"ಒಬ್ರು ಕಟ್ಟವ್ರೆ. ಹೊಳೆ ಗಾಳಿ ಚೆನ್ನಾಗೈತೆ ಅಂತ. ಬ್ಯಾಡಾ ಅಂದ್ರೂ ಕೇಳ್ನಿಲ್ಲ."

ಪಲ್ಲಕ್ಕಿ ಅಲುಗಾಡುವಷ್ಟು ನಕ್ಕ ನಾಯಕ. ಅರಿಶಿನ ಹಚ್ಚಿದ ಕಲ್ಲು ಕಣ್ಣೆದುರಿಗಿದ್ದೂ ಅದರ ಕೆಳಗೆ ಮನೆ ಕಟ್ಟಿದ್ದಾನೆಂದರೆ ಅವನಂಥ ಪೆದ್ದ ಏಳೂರಲ್ಲಿ ಇರಲಾರ ಎಂದ. ತಾನು ಇದೇ ಊರಿನಲ್ಲಿ ಇರುವುದು ಖಂಡಿತ, ಒಪ್ಪಿಗೆ, ಪಟ ಸರಿಸಿ, ಮೊದಲು ಆ ಪೆದ್ದನ ಮನೆ ತೋರಿಸಿ ಎಂದು ಅವಸರ ಮಾಡಿದ.

ಕೇತಪ್ಪ ಪಟ ಸರಿಸಿದ.

ಕೆಳಗೆ, ಕಲ್ಲಿನಿಂದ ಆಚೆ, ಗೋಡೆಯ ಅರ್ಧದವರೆಗೆ ಕೆಸರು ಮೆತ್ತಿದ ಮನೆಯೊಂದೇ ಒಂದು ನಿಂತಿತ್ತು. ಅದರ ಮಾಳಿಗೆಯ ಮೇಲೆ ನಾಯಕನ ರೇಷ್ಮೆ ಹಾಸಿಗೆ ಬಿಸಿಲಿಗೆ ಒಣಗುತ್ತಿತ್ತು.

ಬೋಯಿಗಳು ಮೆಲ್ಲನೆ ನಾಲ್ಕು ಹೆಜ್ಜೆ ಹಿಂದೆ ಸರಿದರು. ಪಟದ ಹಿಂದಿನ ದನಿ ಯಾರದೆಂದು ಅಳಿಯ ಹೇಳಿರಲಿಲ್ಲವಾದ್ದರಿಂದ ಕೆಂಚವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ಕೇತಪ್ಪಾ, ನಾನು ಹೊಸ ಊರು ಹುಡುಕು ಅಂದಿದ್ದೆ," ಎಂದ ನಾಯಕ.

"ತಾವು ನೋಡದ ಊರು ತಮಗೆ ಹೊಸದೇ ಅಲ್ಲವೇ ಪ್ರಭು? ಊರು ಇರಬೇಕಾದ ಕಡೆಯೇ ಇದೆ. ಇಷ್ಟು ಮನೆಗಳನ್ನು ಇಳಿಸಿ ಸಾಗಿಸುವುದಕ್ಕಿಂತ ಒಂದು ಮನೆಯನ್ನು ಮೇಲೆ ತರುವುದು ಸುಲಭ."

ನಾಯಕ ಹಾಸಿಗೆಯನ್ನು ನೋಡಿದ, ಮೀಸೆ ಮುಟ್ಟಿಕೊಂಡ. ಕೊಟ್ಟ ಮಾತು ಅಲ್ಲೇ ಇತ್ತು. ಮೊದಲು ಮೂಗಿನಲ್ಲಿ ಬಂದ ನಗು ಆಮೇಲೆ ಹೊಟ್ಟೆಗೆ ಇಳಿಯಿತು. ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ, ಕಟ್ಟಿದ ಗಂಟು ಬಿಚ್ಚಿ ಎಂದು ಅಲ್ಲಿಯೇ ಸಾರಿದ. ಬಾಣಂತಿ ಮತ್ತೆ ಅತ್ತಳು, ಈ ಸಲ ಸಂತೋಷಕ್ಕೆ.

ಆದರೂ ಪಾಳೆಯಗಾರ ಪಾಳೆಯಗಾರನೇ. ಸೋತು ಸುಮ್ಮನಿರಲು ಮನಸ್ಸು ಬರಲಿಲ್ಲ.

"ಇಷ್ಟು ಜಾಣನಿಗೆ ಬಹುಮಾನ ಕೊಡದಿದ್ದರೆ ಹೇಗೆ?" ಎಂದ. "ಆ ಅರಮನೆ ಇವತ್ತಿನಿಂದ ನಿನ್ನದೇ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಇರು."

ಕೇತಪ್ಪ ನಡು ಬಗ್ಗಿಸಿ ಕೈಮುಗಿದ.

"ಬೇಡ ಪ್ರಭು, ಬೇರೆಯವರಿಗೆ ನಿಶ್ಚಯವಾದ ಸಂಬಂಧಕ್ಕೆ ನಾನು ಅಡ್ಡ ಬರಬಾರದು. ಅದನ್ನು ಹೊಳೆಯವರು ಮೊನ್ನೆಯೇ ಬಂದು, ಅಡುಗೆಮನೆಯವರೆಗೂ ನೋಡಿ, ಒಪ್ಪಿಕೊಂಡು ಹೋಗಿದ್ದಾರೆ."