ಕಾಗೆ ಕೂಗದೆ ಬಂದವಳು

ಮೊಟ್ಟೆಯಿಡಲು ದೂರದಿಂದ ಹಾರಿಬಂದ ಕೊಕ್ಕರೆಯೊಂದು ಊರ ನಡುವಿನ ಹುಣಸೆಮರದ ಕವಲಿನಲ್ಲಿ ಗೂಡಿನ ಮೊದಲ ಕಡ್ಡಿಯನ್ನು ಇಟ್ಟಿತು. ವರ್ಷವಿಡೀ ಅದೇ ಮರದಲ್ಲಿ ವಾಸವಿದ್ದ ಕಾಗೆ ಆ ಕಡ್ಡಿಯನ್ನು ಕೆಳಕ್ಕೆಸೆಯಿತು.

"ಇದು ನನ್ನ ಮನೆ. ನೀನು ಐದು ತಿಂಗಳು ಇದ್ದು ಹೋಗುವ ನೆಂಟಳು. ನೆಂಟರು ಕುಳಿತು, ಉಂಡು, ಹೊರಡಬೇಕು, ಗೂಡು ಕಟ್ಟಬಾರದು."

"ನಾನು ಕಣ್ಣು ಬಿಟ್ಟದ್ದು ಇದೇ ಕವಲಿನಲ್ಲಿ, ಅಣ್ಣಾ. ಗೂಡಾಗದಿದ್ದರೆ ನನ್ನ ಮೊಟ್ಟೆಗಳು ನೆಲದ ಪಾಲಾಗುತ್ತವೆ," ಎಂದಿತು ಕೊಕ್ಕರೆ.

"ಕಣ್ಣು ಬಿಟ್ಟವರೆಲ್ಲ ಯಜಮಾನರೇ? ಚೆನ್ನಾಯಿತು!"

ಆಗ ಹುಣಸೆಮರ ಕೇಳಿತು: "ಕಾಗಣ್ಣ, ಊರಿಗೆ ನೆಂಟರು ಬರುವ ಮುನ್ನ ಕೂಗಿ ತಿಳಿಸುವವನು ನೀನೇ ಅಲ್ಲವೇ?"

"ನಾನೇ! ಅಜ್ಜನ ಕಾಲದಿಂದ ಬಂದ ಕೆಲಸ. ನಾನು ಕೂಗದೆ ಒಬ್ಬ ನೆಂಟನೂ ಈ ಊರಿನ ಹೊಸ್ತಿಲು ತುಳಿದಿಲ್ಲ."

"ಹಾಗಾದರೆ ಈಕೆ ಬರುವ ಮುನ್ನ ಎಷ್ಟು ಸಲ ಕೂಗಿದೆ?"

ಬೆಳಗಿನಿಂದ ಕಾಗೆ ಒಮ್ಮೆಯೂ ಕೂಗಿರಲಿಲ್ಲ. ಮರೆತೆ ಎಂದರೆ ಅಜ್ಜನ ಮರ್ಯಾದೆ ಹೋಗುತ್ತಿತ್ತು.

"ಕೂಗಲಿಲ್ಲ," ಎಂದಿತು ಕಡೆಗೆ, ಎದೆಯುಬ್ಬಿಸಿ. "ಏಕೆ ಕೂಗಬೇಕು? ತವರಿಗೆ ಬರುವ ಮಗಳು ನೆಂಟಳೇ?"

ಮರ ಎಲೆಯೆಲ್ಲ ಅಲುಗುವಂತೆ ನಕ್ಕಿತು. ಕೊಕ್ಕರೆಯೂ ನಗುತ್ತ, ಬಿದ್ದ ಕಡ್ಡಿಯನ್ನು ತರಲು ರೆಕ್ಕೆ ಬಿಚ್ಚಿತು.

"ಸುಮ್ಮನೆ ಕುಳಿತಿರು ತಂಗಿ!" ಎಂದು ಕಾಗೆ ಗದರಿತು. "ಬಾಣಂತನಕ್ಕೆ ಬಂದ ಮಗಳು ತವರಿನಲ್ಲಿ ಒಂದು ಕಡ್ಡಿಯನ್ನಾದರೂ ಎತ್ತಿಡುವುದುಂಟೇ?"

ಹಾಗೆಂದು ತಾನೇ ಕೆಳಕ್ಕೆ ಹಾರಿತು.