ಬಿಳಿ ಚೌಕದ ಜಾಹೀರಾತು

ನಾನು ಅಲ್ಲಿರಲಿಲ್ಲ, ಆದರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಗದಗಿನ ಸೀರೆ ಅಂಗಡಿಯೊಂದರ ಆನ್‌ಲೈನ್ ಜಾಹೀರಾತನ್ನು ವಾರಕ್ಕೆ ಐದು ಸಾವಿರ ಜನ ಫೋನಿನಲ್ಲಿ ಒತ್ತುತ್ತಿದ್ದರಂತೆ; ಒತ್ತಿದ ಲೆಕ್ಕದ ಮೇಲೆ ಸಾವ್ಕಾರರು ಏಜೆಂಟನಿಗೆ ಹಣ ಕೊಡುತ್ತಿದ್ದರು. ಅಂಗಡಿಗೆ ಮಾತ್ರ ಒಬ್ಬರೂ ಬರಲಿಲ್ಲ.

"ಗುಮಾಸ್ತನ ಮಾರಿ ನೋಡಿ ಓಡ್ತಾರ್ರೀ ಸಾವ್ಕಾರ್ರ, ಇವನ್ನ ಕೆಲಸದಿಂದ ತಗೀರಿ," ಎಂದ ಜಾಹೀರಾತಿನ ಏಜೆಂಟ್.

"ಈ ವಾರದ ಚಿತ್ರ ನಾ ಕೊಡ್ತೀನ್ರೀ, ಆಮ್ಯಾಲೆ ತಗೀರಿ," ಎಂದ ಗುಮಾಸ್ತ.

ಏಜೆಂಟ್ ಅದನ್ನು ತೆರೆದೂ ನೋಡದೆ ಹಾಕಿದ. ಶನಿವಾರ ವರದಿ ತಂದ. "ಆರು ಸಾವಿರ ಮಂದಿ ಒತ್ಯಾರ್ರೀ! ಹೆಣ್ಮಕ್ಕಳಿಗೆ ಸೀರೆ ಅಂಚು ಭಾಳ ಹಿಡಿಸೇತಿ."

ಗುಮಾಸ್ತ ಫೋನು ಮುಂದಿಟ್ಟ. ಜಾಹೀರಾತಿನಲ್ಲಿ ಇದ್ದದ್ದು ಬರೀ ಬಿಳಿ ಚೌಕ. "ಅಂಚು ಎಲ್ಲೈತಿ, ಬೆರಳಿಟ್ಟು ತೋರಸ್ರಿ."

ಏಜೆಂಟನ ಬೆರಳು ಚೌಕದ ತುಂಬ ತಡಕಾಡಿತು.

"ಈಗ ನೀವ ಏಳು ಸಲ ಒತ್ತಿದ್ರಿ," ಎಂದ ಗುಮಾಸ್ತ. "ಮನುಷ್ಯಾ ಒತ್ತಿದ್ದು ಇವಷ್ಟ, ಉಳಿದದ್ದೆಲ್ಲಾ ಯಂತ್ರದ ಕೆಲಸ ಅಂತ ಜಾಹೀರಾತು ತೋರಿಸೋ ಕಂಪನಿಗೆ ದೂರು ಬರೀತೀನಿ."

ಸಾವ್ಕಾರರು ಎದ್ದು ನಿಂತರು. "ನನ್ನ ಕುರ್ಚಿ ಮ್ಯಾಲ ಕೂತು ಬರಿಯಪ್ಪಾ."